ಬೋಲ್ಟ್-ಆಕ್ಷನ್ ರೈಫಲನ್ನು ಎದೆಯ ಮುಂದೆ ತೂಗಿಸಲು ಸ್ಲಿಂಗ್ ಜೋಡಿಸುವ ಕ್ರಮ

ಬೋಲ್ಟ್-ಆಕ್ಷನ್ ರೈಫಲನ್ನು, ಅಂದರೆ ಪ್ರತಿ ಗುಂಡಿಗೂ ಬೋಲ್ಟು ಎಂಬ ಉಕ್ಕಿನ ದಂಡವನ್ನು ಕೈಯಿಂದ ಹಿಂದೆ ಮುಂದೆ ಎಳೆಯಬೇಕಾದ ಕೋವಿಯನ್ನು, ಹೆಗಲಿನಿಂದ ಎದೆಯ ಮುಂದಕ್ಕೆ ತಂದುಕೊಳ್ಳಲು ಬಯಸುವವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಒಳ್ಳೆಯ ಸ್ಲಿಂಗನ್ನೇ, ಅಂದರೆ ಕೋವಿಯನ್ನು ಮೈಗೆ ತೂಗುಹಾಕುವ ಪಟ್ಟಿಯನ್ನೇ, ಕೊಂಡು, ಕೋವಿಯ ಅಡಿಯಲ್ಲಿ ಮೊದಲೇ ಇದ್ದ ಎರಡು ಕೊಂಡಿಗಳಿಗೆ ಸಿಕ್ಕಿಸಿ, ಕೊರಳಿಗೆ ಹಾಕಿಕೊಂಡ ಮರುಕ್ಷಣವೇ ಕೋವಿ ಮಗುಚಿಕೊಳ್ಳುತ್ತದೆ, ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ನೆಲದ ಕಡೆಗೆ ತಿರುಗುತ್ತದೆ, ಪಟ್ಟಿ ತಿರುಚಿಕೊಂಡು ಕುತ್ತಿಗೆಯನ್ನು ಕೊರೆಯುತ್ತದೆ. ಹಾಗಾದರೆ ಯಾವ ಸ್ಲಿಂಗ್ ಕೊಳ್ಳಬೇಕು ಎಂದು ಅವರು ಕೇಳುತ್ತಾರೆ. ಬೇರೆ ಸ್ಲಿಂಗ್ ಕೊಂಡರೂ ಈ ತೊಂದರೆ ಹೋಗುವುದಿಲ್ಲ. ತೊಂದರೆಯ ಮೂಲ ಪಟ್ಟಿ ಕೋವಿಯನ್ನು ಹಿಡಿಯುವ ಎರಡು ಜಾಗಗಳಲ್ಲಿದೆ. ಆ ಜಾಗಗಳನ್ನು ಸರಿಯಾಗಿ ಆರಿಸಿಕೊಂಡರೆ ಸಾಧಾರಣವಾದ ನೈಲಾನ್ ಪಟ್ಟಿಯೂ ಕೋವಿಯನ್ನು ನೆಟ್ಟಗೆ ತೂಗಿಸುತ್ತದೆ.

ಹೀಗಾಗಲು ಕಾರಣ ಸರಳವಾಗಿದೆ. ಬೇಟೆಯ ರೈಫಲುಗಳಲ್ಲಿ ಸ್ಲಿಂಗಿನ ಕೊಂಡಿಗಳನ್ನು ಸ್ಟಾಕಿನ ಅಡಿಭಾಗದಲ್ಲಿ ಕೂರಿಸುವುದು ವಾಡಿಕೆ. ಸ್ಟಾಕ್ ಎಂದರೆ ನಳಿಗೆ ಮತ್ತು ಬೋಲ್ಟು ಕೂರುವ, ಮರದ ಅಥವಾ ಪ್ಲಾಸ್ಟಿಕ್ ಮಿಶ್ರಣದ ಒಡಲು. ಅಡಿಯಲ್ಲಿರುವ ಕೊಂಡಿಗಳು ಕೋವಿಯನ್ನು ಬೆನ್ನಿನ ಹಿಂದೆ ನೆಟ್ಟಗೆ ನಿಲ್ಲಿಸಿ ಒಯ್ಯುವುದಕ್ಕೆ ಚೆನ್ನಾಗಿ ಒದಗುತ್ತವೆ. ಆದರೆ ಕೋವಿಯ ಭಾರವೆಲ್ಲ ಆ ಕೊಂಡಿಗಳಿಗಿಂತ ಮೇಲಿರುತ್ತದೆ. ನಳಿಗೆ, ಬೋಲ್ಟು, ಎಲ್ಲಕ್ಕಿಂತ ಮೇಲೆ ಸ್ಕೋಪ್. ಯಾವುದೇ ವಸ್ತುವನ್ನು ಅದರ ಭಾರಕೇಂದ್ರಕ್ಕಿಂತ ಕೆಳಗೆ ಹಿಡಿದು ತೂಗಿಸಿದರೆ ಅದು ಮಗುಚಿಕೊಂಡು ಭಾರದ ಭಾಗವನ್ನು ಕೆಳಕ್ಕೆ ತಂದುಕೊಳ್ಳುತ್ತದೆ. ಆದ್ದರಿಂದ ಎದೆಯ ಮುಂದೆ ತೂಗುವ ಕೋವಿಗೆ ಕೊಂಡಿಗಳು ಪಕ್ಕದಲ್ಲಿರಬೇಕು, ಸಾಧ್ಯವಾದಷ್ಟೂ ಭಾರಕೇಂದ್ರದ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲಿರಬೇಕು. ಇದು ಹೊಸ ಶೋಧವೇನಲ್ಲ. 1935ರಲ್ಲಿ ಜರ್ಮನ್ ಸೇನೆ ಸ್ವೀಕರಿಸಿದ ಮೌಸರ್ ಕಾರಬೈನರ್ 98ಕೆ ರೈಫಲಿನಲ್ಲಿ ಪಟ್ಟಿ ಹಾಯುವುದು ಎಡಪಕ್ಕದಲ್ಲಿ: ಮುಂದೆ ನಳಿಗೆಯನ್ನು ಸುತ್ತುವ ಲೋಹದ ಬಳೆಯ ಪಕ್ಕದಲ್ಲೊಂದು ಕಂಡಿ, ಹಿಂದೆ ಸ್ಟಾಕಿನಲ್ಲೇ ಅಡ್ಡಲಾಗಿ ಕೊರೆದ ಒಂದು ಸೀಳು. ಆ ಕೋವಿ ಮೈಗೆ ಚಪ್ಪಟೆಯಾಗಿ ಅಂಟಿಕೊಂಡು ನಿಲ್ಲುವುದಕ್ಕೆ ಈ ಏರ್ಪಾಡೇ ಕಾರಣ.

ಈ ಲೇಖನದ ಉದ್ದಕ್ಕೂ ಬಲಗೈಯಿಂದ ಗುಂಡು ಹಾರಿಸುವವರನ್ನು, ಬೋಲ್ಟಿನ ಹಿಡಿ ಬಲಕ್ಕಿರುವ ರೈಫಲನ್ನು ಗಮನದಲ್ಲಿಟ್ಟುಕೊಂಡಿದ್ದೇನೆ. ಎಡಗೈಯವರು ಎಡಕ್ಕೆ ಹಿಡಿ ಇರುವ ರೈಫಲನ್ನೇ ಬಳಸುತ್ತಿದ್ದರೆ ಎಡಬಲಗಳನ್ನು ಅದಲುಬದಲು ಮಾಡಿ ಓದಿಕೊಳ್ಳಬಹುದು.

ಬೇಕಾಗುವ ಸಾಮಗ್ರಿಗಳು

ಎರಡು ಕಡೆ ಕೊಂಡಿ ಇರುವ, ಉದ್ದವನ್ನು ಹೆಚ್ಚುಕಡಿಮೆ ಮಾಡಬಲ್ಲ ಸ್ಲಿಂಗ್ ಒಂದು. ಅದರ ಅಗಲ 25ರಿಂದ 32 ಮಿಲಿಮೀಟರಿನ ನಡುವೆ ಇದ್ದರೆ ಹೆಚ್ಚಿನ ಕೊಂಡಿಗಳಿಗೆ ಹೊಂದುತ್ತದೆ. ಕುತ್ತಿಗೆಯ ಬಳಿ ಅಗಲವಾದ ಮೆತ್ತೆ ಇದ್ದರೆ ಒಳ್ಳೆಯದು, ಆದರೆ ಅದು ಕಡ್ಡಾಯವಲ್ಲ. ಪಟ್ಟಿಯ ವಸ್ತುವಿನ ಬಗ್ಗೆ ಒಂದು ಮಾತು: ನೈಲಾನ್ ಒದ್ದೆಯಾದಾಗ ತುಸು ಹಿಗ್ಗುತ್ತದೆ, ಪಾಲಿಯೆಸ್ಟರ್ ಹಾಗೆ ಹಿಗ್ಗುವುದು ಕಡಿಮೆ, ಚರ್ಮ ಬಳಸುತ್ತ ಬಳಸುತ್ತ ಉದ್ದವಾಗುತ್ತದೆ. ಮಳೆಯಲ್ಲಿ ಓಡಾಡುವವರಿಗೆ ಪಾಲಿಯೆಸ್ಟರ್ ಮೇಲು.

ಇದಲ್ಲದೆ ನಾಲ್ಕೈದು ಮೀಟರ್ ಗಟ್ಟಿಯಾದ ಹೆಣೆದ ದಾರ, ಅಂಟುವ ಟೇಪ್, ಸೀಸದಕಡ್ಡಿ, ಅಳತೆಪಟ್ಟಿ, ಕೋವಿಯ ತಿರುಪುಗಳಿಗೆ ಸರಿಹೊಂದುವ ತಿರುಪುಳಿಗಳು, ಒಂದು ಹಾಳೆ ಬರೆಯುವ ಕಾಗದ ಬೇಕು. ಸ್ಟಾಕಿಗೆ ತೂತು ಕೊರೆಯುವುದಾದರೆ ಮಾತ್ರ ಬೈರಿಗೆ ಮತ್ತು ಸ್ವಲ್ಪ ಮೇಣ ಬೇಕಾಗುತ್ತದೆ.

ಎರಡು ಬಗೆಯ ಸ್ಲಿಂಗುಗಳನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಒಂದೇ ಬಿಂದುವಿನಲ್ಲಿ ಕೋವಿಯನ್ನು ಹಿಡಿಯುವ ಸ್ಲಿಂಗ್ ಗಿಡ್ಡನೆಯ ಕೋವಿಗಳಿಗಾಗಿ ಹುಟ್ಟಿದ್ದು. ಒಂದು ಮೀಟರಿಗೂ ಮಿಕ್ಕಿದ ರೈಫಲನ್ನು ಅದರಲ್ಲಿ ತೂಗಿಸಿದರೆ ನಳಿಗೆ ಪ್ರತಿ ಹೆಜ್ಜೆಗೂ ಮಂಡಿಗೆ ಬಡಿಯುತ್ತದೆ. ಮೂರು ಬಿಂದುಗಳ ಸ್ಲಿಂಗಿನಲ್ಲಿ ಕೋವಿಯ ಪಕ್ಕದುದ್ದಕ್ಕೂ ಇನ್ನೊಂದು ಪಟ್ಟಿ ಹಾಯುವುದರಿಂದ ಅದು ಬೋಲ್ಟು, ಸುರಕ್ಷಾ ಕೀಲಿ, ತೋಟಾ ತುಂಬಿಡುವ ಮ್ಯಾಗಜೀನುಗಳ ದಾರಿಗೆ ಅಡ್ಡ ಬರುವ ಸಂಭವ ಹೆಚ್ಚು.

ಹಂತ 1: ಕೋವಿಯನ್ನು ಖಾಲಿ ಮಾಡಿ, ಬೋಲ್ಟನ್ನು ಹೊರತೆಗೆಯಿರಿ

ಕೋವಿಯ ಬಾಯಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಮ್ಯಾಗಜೀನನ್ನು ಕಳಚಿ. ಕಳಚಲಾಗದ ಮ್ಯಾಗಜೀನಾದರೆ ಅದರೊಳಗಿನ ತೋಟಾಗಳನ್ನೆಲ್ಲ ತೆಗೆಯಿರಿ. ಬೋಲ್ಟನ್ನು ಹಿಂದಕ್ಕೆಳೆದು ಚೇಂಬರನ್ನು, ಅಂದರೆ ತೋಟಾ ಕೂರುವ ಕೋಣೆಯನ್ನು, ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳಿನಿಂದ ಮುಟ್ಟಿ ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಿ. ಅನಂತರ ಬೋಲ್ಟನ್ನು ಪೂರ್ತಿಯಾಗಿ ಹೊರತೆಗೆದು ಪಕ್ಕಕ್ಕಿಡಿ. ಬೋಲ್ಟ್-ಆಕ್ಷನ್ ರೈಫಲಿನ ದೊಡ್ಡ ಅನುಕೂಲವೇ ಇದು: ಬೋಲ್ಟು ಇಲ್ಲದ ಕೋವಿ ಯಾವ ಕಾರಣಕ್ಕೂ ಗುಂಡು ಹಾರಿಸಲಾರದು. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಮುಂದೆ ಬೋಲ್ಟನ್ನು ಮತ್ತೆ ಹಾಕಿ ಪರೀಕ್ಷಿಸುವ ಸಂದರ್ಭಗಳು ಬರುತ್ತವೆ. ಪ್ರತಿ ಬಾರಿಯೂ ಚೇಂಬರನ್ನು ಹೊಸದಾಗಿ ನೋಡಿಕೊಳ್ಳಬೇಕು, ಆಗಲೇ ನೋಡಿದ್ದೇನೆ ಎಂಬ ಸಮಾಧಾನ ಸಲ್ಲದು.

ಹಂತ 2: ಸಮತೋಲದ ಬಿಂದುವನ್ನು ಗುರುತಿಸಿ

ನೀವು ಕೋವಿಯನ್ನು ಹೊರಗೆ ಒಯ್ಯುವಾಗ ಅದರ ಮೇಲೆ ಏನೇನು ಇರುತ್ತದೆಯೋ ಅದೆಲ್ಲವನ್ನೂ, ಸ್ಕೋಪ್, ಖಾಲಿ ಮ್ಯಾಗಜೀನ್, ಬೋಲ್ಟು, ಮುಂದಿನ ಎರಡುಕಾಲಿನ ಊರುಗೋಲು, ಕೂರಿಸಿ. ಈಗ ಸ್ಟಾಕಿನ ಅಡಿಗೆ ಒಂದು ದಾರವನ್ನು ಕುಣಿಕೆಯಂತೆ ಹಾಕಿ ಎತ್ತುತ್ತ, ಕೋವಿ ಎತ್ತಲೂ ವಾಲದೆ ಅಡ್ಡಲಾಗಿ ನಿಲ್ಲುವ ಜಾಗವನ್ನು ಹುಡುಕಿ. ಅದು ಸಾಮಾನ್ಯವಾಗಿ ಮ್ಯಾಗಜೀನಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ತುಸು ಮುಂದೆ ಇರುತ್ತದೆ. ಅಲ್ಲೊಂದು ಚೂರು ಟೇಪ್ ಅಂಟಿಸಿ.

ಮುಂದಿನ ಕೊಂಡಿ ಈ ಗುರುತಿಗಿಂತ ಸಾಕಷ್ಟು ಮುಂದಿರಬೇಕು, ಹಿಂದಿನದು ಸಾಕಷ್ಟು ಹಿಂದಿರಬೇಕು. ಎರಡೂ ಗುರುತಿನ ಹಿಂದೆಯೇ ಉಳಿದರೆ ನಳಿಗೆ ನೆಲದ ಕಡೆಗೆ ಧುಮುಕುತ್ತದೆ. ಎರಡೂ ಗುರುತಿಗೆ ತೀರಾ ಹತ್ತಿರವಿದ್ದರೆ ಕೋವಿ ತೊಟ್ಟಿಲಿನಂತೆ ಓಲಾಡುತ್ತದೆ.

ಪಕ್ಕದ ವಿಚಾರದಲ್ಲಿ ಗೊಂದಲ ಬೇಡ. ಬಲಗೈಯವರು ಕೋವಿಯನ್ನು ಎದೆಯ ಮುಂದೆ ತೂಗಿಸಿದಾಗ ಹಿಂಬದಿ ಬಲಹೆಗಲಿನ ಬಳಿ ಮೇಲಕ್ಕೂ ಬಾಯಿ ಎಡಕ್ಕೆ ಕೆಳಮುಖವಾಗಿಯೂ ಇರುತ್ತದೆ. ಆಗ ಮೈಗೆ ತಾಗುವುದು ಕೋವಿಯ ಎಡಪಕ್ಕ, ಹೊರಗೆ ಉಳಿಯುವುದು ಬೋಲ್ಟಿನ ಹಿಡಿ ಇರುವ ಬಲಪಕ್ಕ. ಆದ್ದರಿಂದ ಎರಡೂ ಕೊಂಡಿಗಳು ಎಡಪಕ್ಕದಲ್ಲಿರಬೇಕು. ಬಲಕ್ಕೆ ಹಿಡಿ ಇರುವ ರೈಫಲನ್ನೇ ಬಳಸುವ ಎಡಗೈಯವರಿಗೆ ಮಾತ್ರ ಬೋಲ್ಟಿನ ಹಿಡಿ ಮೈಯ ಕಡೆಗೇ ಬರುತ್ತದೆ. ಅವರು ಪಟ್ಟಿಯನ್ನು ತುಸು ಸಡಿಲವಾಗಿ ಇಟ್ಟುಕೊಳ್ಳಬೇಕಾದೀತು.

ಹಂತ 3: ದಾರ ಕಟ್ಟಿ ತಾತ್ಕಾಲಿಕವಾಗಿ ಪರೀಕ್ಷಿಸಿ

ಈ ಹಂತವನ್ನು ಬಿಟ್ಟು ನೇರವಾಗಿ ಬೈರಿಗೆ ಹಿಡಿಯುವವರೇ ಹೆಚ್ಚು, ಮರುಗುವವರೂ ಅವರೇ. ಸ್ಟಾಕಿಗೆ ಒಮ್ಮೆ ತೂತು ಬಿದ್ದರೆ ಅದು ಹೋಗುವುದಿಲ್ಲ. ಆದ್ದರಿಂದ ಮೊದಲು ಹಿಂದುಗಡೆ ಮತ್ತು ಮುಂದುಗಡೆ ಸ್ಟಾಕನ್ನು ದಾರದಿಂದ ಮೂರು ಸುತ್ತು ಬಿಗಿಯಾಗಿ ಸುತ್ತಿ, ಎಡಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಕುಣಿಕೆ ಬಿಟ್ಟು ಗಂಟು ಹಾಕಿ, ಜಾರದಂತೆ ಮೇಲೆ ಟೇಪ್ ಸುತ್ತಿ. ಮುಂದಿನ ಸುತ್ತು ಸ್ಟಾಕಿಗೆ ಮಾತ್ರ ಬರಲಿ. ನಳಿಗೆ ಮತ್ತು ಸ್ಟಾಕಿನ ನಡುವೆ ದಾರ ತೂರದಿದ್ದರೆ ಪರೀಕ್ಷೆಯ ಮಟ್ಟಿಗೆ ನಳಿಗೆಯನ್ನೂ ಸೇರಿಸಿ ಸುತ್ತಬಹುದು, ಆದರೆ ಆ ಸ್ಥಿತಿಯಲ್ಲಿ ಗುಂಡು ಹಾರಿಸಬಾರದು. ಕುಣಿಕೆಗಳಿಗೆ ಸ್ಲಿಂಗ್ ಸಿಕ್ಕಿಸಿ, ಬೋಲ್ಟು ಇಲ್ಲದ ಕೋವಿಯನ್ನು ತೊಟ್ಟು ಮನೆಯೊಳಗೆ ನಡೆದಾಡಿ, ಕುಳಿತು ಏಳಿ, ಮಂಡಿಯೂರಿ, ಬಾಗಿ ನೆಲದಿಂದ ಏನನ್ನಾದರೂ ಎತ್ತಿಕೊಳ್ಳಿ.

ಮಗುಚಿದರೆ ಕುಣಿಕೆಗಳನ್ನು ಸ್ಟಾಕಿನ ಮೇಲಂಚಿನ ಕಡೆಗೆ ಸರಿಸಿ. ಬಾಯಿ ತೀರಾ ಕೆಳಕ್ಕೆ ಇಳಿದರೆ ಹಿಂದಿನ ಕುಣಿಕೆಯನ್ನು ಮುಂದಕ್ಕೆ ತನ್ನಿ. ಆಗ ಇಡೀ ಕೋವಿ ಮೇಲೇರುತ್ತದೆ. ಆದರೆ ಅದನ್ನು ಕೈಹಿಡಿಯ ಕೊರಳಿನವರೆಗೂ, ಅಂದರೆ ಟ್ರಿಗರಿನ ಹಿಂದೆ ಸ್ಟಾಕ್ ಸಣ್ಣಗಾಗುವ ಜಾಗದವರೆಗೂ, ತಂದರೆ ಸ್ಟಾಕಿನ ಹಿಂತುದಿ ಹೆಗಲಿಗಿಂತ ಮೇಲೆದ್ದು, ತಲೆ ತಿರುಗಿಸಿದಾಗಲೆಲ್ಲ ದವಡೆಗೆ ತಾಗುತ್ತದೆ. ಈ ಎರಡರ ನಡುವೆ ನಿಮ್ಮ ಎತ್ತರಕ್ಕೂ ಕೋವಿಯ ಉದ್ದಕ್ಕೂ ಒಪ್ಪುವ ಜಾಗವನ್ನು ನೀವೇ ಕಂಡುಕೊಳ್ಳಬೇಕು. ಅದಕ್ಕೆ ಎಲ್ಲರಿಗೂ ಹೊಂದುವ ಅಳತೆ ಇಲ್ಲ. ಜಾಗ ತೃಪ್ತಿಕರವೆನಿಸಿದ ಮೇಲೆ ಟೇಪಿನ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿ, ಒಂದು ದಿನ ಹಾಗೆಯೇ ಬಿಡಿ. ಮರುದಿನ ನೀವು ಹೊರಗೆ ತೊಡುವ ದಪ್ಪ ಅಂಗಿ, ಬೆನ್ನುಚೀಲ ಸಮೇತ ಮತ್ತೊಮ್ಮೆ ತೊಟ್ಟು ನೋಡಿ. ಬೆನ್ನುಚೀಲದ ಪಟ್ಟಿ ಬಂದಾಗ ಎಷ್ಟೋ ಲೆಕ್ಕಾಚಾರಗಳು ಬದಲಾಗುತ್ತವೆ.

ಹಂತ 4: ಹಿಂದಿನ ಕೊಂಡಿಯನ್ನು ಕೂರಿಸಿ

ಹಿಂದಿನ ಕೊಂಡಿಗೆ ಮೂರು ದಾರಿಗಳಿವೆ. ಮೊದಲನೆಯದು ಸ್ಟಾಕಿಗೆ ತೊಡಿಸುವ ಪಟ್ಟಿ ಅಥವಾ ಕವಚ. ಸ್ಟಾಕಿನ ಹಿಂಭಾಗವನ್ನು ಬಿಗಿಯಾಗಿ ಸುತ್ತಿಕೊಳ್ಳುವ ಈ ಪಟ್ಟಿಯ ಎಡಪಕ್ಕದಲ್ಲಿ ಲೋಹದ ಬಳೆಯೊಂದು ಇರುತ್ತದೆ, ಸ್ಲಿಂಗನ್ನು ಅದಕ್ಕೆ ಸಿಕ್ಕಿಸುತ್ತೇವೆ. ತೂತು ಕೊರೆಯಬೇಕಿಲ್ಲ, ಬೇಡವೆನಿಸಿದಾಗ ಕಳಚಬಹುದು. ಹಳೆಯ ಅಥವಾ ಬೆಲೆಬಾಳುವ ಮರದ ಸ್ಟಾಕುಗಳಿಗೆ ನಾನು ಇದನ್ನೇ ಹೇಳುತ್ತೇನೆ. ಇದರ ದೋಷವೆಂದರೆ ಜಾರುವಿಕೆ. ಸ್ಟಾಕ್ ಹಿಂದಕ್ಕೆ ಹೋದಂತೆ ದಪ್ಪವಾಗುವುದರಿಂದ ಪಟ್ಟಿ ಸಣ್ಣ ಕೊರಳಿನ ಕಡೆಗೆ, ಅಂದರೆ ಮುಂದಕ್ಕೆ, ಜಾರಲು ನೋಡುತ್ತದೆ. ಪಟ್ಟಿಯ ಒಳಗೆ ತೆಳುವಾದ ರಬ್ಬರ್ ಹಾಳೆ ಇಟ್ಟರೆ ಜಾರುವುದು ನಿಲ್ಲುತ್ತದೆ.

ಎರಡನೆಯದು ಗುಂಡಿ ಒತ್ತಿ ತೆಗೆಯುವ ಕೊಂಡಿ. ಇದರಲ್ಲಿ ಸ್ಟಾಕಿನೊಳಗೆ ಲೋಹದ ಸಣ್ಣ ಬಟ್ಟಲೊಂದನ್ನು ಹುದುಗಿಸಿರುತ್ತಾರೆ. ಕೊಂಡಿಯ ತುದಿಯಲ್ಲಿರುವ ಪುಟ್ಟ ಉಕ್ಕಿನ ಗುಂಡುಗಳು ಆ ಬಟ್ಟಲಿನ ಒಳಗೋಡೆಯ ತೋಡಿಗೆ ಸಿಕ್ಕಿ ಬೀಗ ಬೀಳುತ್ತದೆ. ಇತ್ತೀಚಿನ ಲೋಹದ ಚೌಕಟ್ಟಿನ ಸ್ಟಾಕುಗಳಲ್ಲಿ ಇಂತಹ ಬಟ್ಟಲು ಬಹುಮಟ್ಟಿಗೆ ಮೊದಲೇ ಇರುತ್ತದೆ, ಅಂಥವರ ಕೆಲಸ ಇಲ್ಲಿಗೇ ಮುಗಿಯಿತು. ಬಟ್ಟಲು ಎರಡು ಬಗೆಯಲ್ಲಿ ಸಿಗುತ್ತದೆ: ಕೊಂಡಿ ಸುತ್ತಲೂ ತಿರುಗುವಂಥದ್ದು ಮತ್ತು ಕೆಲವು ಕೋನಗಳಲ್ಲಿ ಮಾತ್ರ ನಿಲ್ಲುವಂಥದ್ದು. ಎರಡನೆಯ ಬಗೆಯನ್ನೇ ಆರಿಸಿಕೊಳ್ಳಿ, ಪಟ್ಟಿ ತಿರುಚಿಕೊಳ್ಳುವುದನ್ನು ಅದು ತಡೆಯುತ್ತದೆ.

ಮೂರನೆಯದು ಪಕ್ಕದಲ್ಲಿ ತಿರುಪಿನಿಂದ ಕೂರಿಸುವ ಸ್ಟಡ್, ಅಂದರೆ ತಲೆಯಲ್ಲಿ ತೂತಿರುವ ಗಿಡ್ಡ ಲೋಹದ ಗೂಟ. ಗಟ್ಟಿಮರದ ಸ್ಟಾಕಿಗೆ ಇದು ಸಾಕಾಗುತ್ತದೆ. ತೂತಿನ ವ್ಯಾಸ ತಿರುಪಿನ ಎಳೆಗಳನ್ನು ಬಿಟ್ಟು ಒಳಗಿನ ತಿರುಳಿನಷ್ಟು ಮಾತ್ರ ಇರಬೇಕು. ಬೈರಿಗೆಯ ಮೊನೆಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿಕೊಂಡರೆ ಅಗತ್ಯಕ್ಕಿಂತ ಆಳ ಕೊರೆಯುವ ಭಯವಿಲ್ಲ. ತಿರುಪಿಗೆ ಮೇಣ ಸವರಿ ನಿಧಾನವಾಗಿ ಕೈಯಿಂದಲೇ ತಿರುಗಿಸಿ. ಬಿಗಿಯಾಗಿ ಸದ್ದು ಮಾಡತೊಡಗಿದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆಯಿರಿ; ಬಲ ಹಾಕಿದರೆ ಮರ ಎಳೆಯ ಉದ್ದಕ್ಕೂ ಸೀಳುತ್ತದೆ. ಕೊರೆದ ಮರದ ಹಸಿ ಒಳಮೈಗೆ ಒಂದು ಹನಿ ಸ್ಟಾಕಿನ ಎಣ್ಣೆ ಹಚ್ಚಿದರೆ ತೇವ ಒಳಗಿಳಿಯುವುದಿಲ್ಲ.

ಟೊಳ್ಳಾದ ಪ್ಲಾಸ್ಟಿಕ್ ಸ್ಟಾಕುಗಳಿಗೆ ಎರಡನೆಯ ಮತ್ತು ಮೂರನೆಯ ದಾರಿಯನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಹೊರಗೋಡೆ ತೆಳ್ಳಗಿರುತ್ತದೆ, ತಿರುಪು ಹಿಡಿಯುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಒಳಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ತುಂಬಿ ಗಟ್ಟಿಯಾದ ನೆಲೆ ಮಾಡಿಕೊಂಡೇ ಕೊರೆಯಬೇಕಾದ್ದರಿಂದ ಅದನ್ನು ಕೋವಿ ದುರಸ್ತಿಯಲ್ಲಿ ಪಳಗಿದವರಿಗೆ ಒಪ್ಪಿಸುವುದು ಕ್ಷೇಮ. ಅಂಥ ಸ್ಟಾಕಿಗೆ ಸುತ್ತುವ ಪಟ್ಟಿ ಸಾಕು.

ಮೂರು ದಾರಿಗಳಿಗೂ ಅನ್ವಯಿಸುವ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ಕೆನ್ನೆಗೆ ಸಂಬಂಧಿಸಿದ್ದು. ಬಲಗೈಯವರು ಗುರಿ ಹಿಡಿದಾಗ ಕೆನ್ನೆ ಒರಗುವುದು ಸ್ಟಾಕಿನ ಎಡಪಕ್ಕಕ್ಕೇ, ಅಂದರೆ ನಾವು ಕೊಂಡಿ ಕೂರಿಸುತ್ತಿರುವ ಪಕ್ಕಕ್ಕೇ. ಗುಂಡು ಹಾರಿದಾಗಿನ ಹಿನ್ನೆಗೆತಕ್ಕೆ ಲೋಹದ ಕೊಂಡಿ ಕೆನ್ನೆಯ ಮೂಳೆಗೆ ಬಡಿದರೆ ಗಾಯ ಖಂಡಿತ. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆ ಸಹಜವಾಗಿ ಒರಗುವ ಜಾಗವನ್ನು ಬೇರೊಬ್ಬರಿಂದ ಟೇಪಿನಲ್ಲಿ ಗುರುತು ಮಾಡಿಸಿ. ಕೊಂಡಿ ಆ ವಲಯದ ಕೆಳಗೆ ಅಥವಾ ಹಿಂದೆ ಇರಲಿ. ಎರಡನೆಯದು ಬೋಲ್ಟಿಗೆ ಸಂಬಂಧಿಸಿದ್ದು. ಬೋಲ್ಟು ಹಿಂದಕ್ಕೆ ಬರುವ ದೂರ ಒಂದು ಪೂರ್ತಿ ತೋಟಾದ ಉದ್ದಕ್ಕಿಂತ ಹೆಚ್ಚು, ಅದು ಕೈಹಿಡಿಯ ಕೊರಳಿನ ಮೇಲೆಯೇ ಚಲಿಸುತ್ತದೆ. ಕೊರಳಿಗೆ ಏನನ್ನು ಸುತ್ತಿದರೂ ಬೋಲ್ಟನ್ನು ಹಾಕಿ ಪೂರ್ತಿ ಹಿಂದಕ್ಕೂ ಮುಂದಕ್ಕೂ ಎಳೆದು, ಸುರಕ್ಷಾ ಕೀಲಿಯನ್ನು ಎಲ್ಲ ಸ್ಥಾನಗಳಿಗೂ ಸರಿಸಿ, ಯಾವುದೂ ತಾಗುತ್ತಿಲ್ಲವೆಂದು ನೋಡಬೇಕು. ಟ್ರಿಗರಿನ ಕಾವಲುಬಳೆಯ ಹತ್ತಿರ ಯಾವ ಸಡಿಲ ತುದಿಯೂ ಸುಳಿಯಬಾರದು.

ಹಂತ 5: ಮುಂದಿನ ಕೊಂಡಿಯನ್ನು ಕೂರಿಸಿ

ಮುಂದಿನ ಕೊಂಡಿಗೆ ಒಂದು ನಿಯಮವಿದೆ, ಅದನ್ನು ಯಾವ ಅನುಕೂಲಕ್ಕೂ ಮುರಿಯಬಾರದು: ಪಟ್ಟಿಯ ಭಾರ ಸ್ಟಾಕಿನ ಮೇಲೆ ಬೀಳಬೇಕು, ನಳಿಗೆಯ ಮೇಲಲ್ಲ. ಇಂದಿನ ಹೆಚ್ಚಿನ ರೈಫಲುಗಳಲ್ಲಿ ನಳಿಗೆ ತೇಲುವ ಬಗೆಯದು. ಅದು ಹಿಂದಿನ ತುದಿಯಲ್ಲಿ ಮಾತ್ರ ಬಿಗಿದಿದ್ದು ಮುಂದೆ ಸ್ಟಾಕಿಗೆ ಎಲ್ಲೂ ತಾಗದಂತೆ ಇರುತ್ತದೆ. ಗುಂಡು ಹೊರಡುವಾಗ ನಳಿಗೆ ಪ್ರತಿ ಬಾರಿಯೂ ಒಂದೇ ರೀತಿ ಕಂಪಿಸಲಿ ಎಂಬುದು ಇದರ ಉದ್ದೇಶ. ಅದಕ್ಕೆ ಪಟ್ಟಿ ಕಟ್ಟಿ ಎಳೆದರೆ ಎಳೆತ ಬದಲಾದಾಗಲೆಲ್ಲ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ದೊಡ್ಡ ಪ್ರಾಣಿಗಳ ಬೇಟೆಗೆಂದು ಮಾಡಿದ ಕೆಲವು ಭಾರಿ ರೈಫಲುಗಳಲ್ಲಿ ತಯಾರಕರೇ ನಳಿಗೆಗೆ ಬಳೆ ಹಾಕಿ ಕೊಂಡಿ ಕೊಟ್ಟಿರುತ್ತಾರೆ. ಹಿನ್ನೆಗೆತದಲ್ಲಿ ಕೊಂಡಿ ಮುಂಗೈಗೆ ಬಡಿಯದಿರಲೆಂದು ಮಾಡಿದ ಏರ್ಪಾಡದು. ಅದು ಬೇರೆ ಮಾತು. ತೇಲುವ ನಳಿಗೆಗೆ ನೀವಾಗಿ ಬಳೆ ಕಟ್ಟಬೇಡಿ.

ಲೋಹದ ಚೌಕಟ್ಟಿನ ಸ್ಟಾಕಿನಲ್ಲಿ ಮುಂಗೈ ಭಾಗದ ಪಕ್ಕದಲ್ಲಿ ಉದ್ದನೆಯ ಸೀಳುಗಳ ಸಾಲು ಇದ್ದರೆ ಅದು ಬಹುಶಃ 2014ರಿಂದ ಬಳಕೆಗೆ ಬಂದ ಎಂ-ಲಾಕ್ ಪದ್ಧತಿ. ಅದಕ್ಕೆ ಹೊಂದುವ ಬಟ್ಟಲನ್ನು ಎಡಪಕ್ಕದ ಸೀಳಿನಲ್ಲಿ ಕೂರಿಸಿ ಎರಡು ತಿರುಪು ಬಿಗಿದರೆ ಆಯಿತು. ಹಲ್ಲುಹಲ್ಲಾಗಿರುವ ಪಿಕಾಟಿನಿ ಪಟ್ಟಿ ಇದ್ದರೆ ಅದಕ್ಕೂ ಕೊಂಡಿಗಳು ಸಿಗುತ್ತವೆ. ಎರಡರಲ್ಲೂ ತಿರುಪು ಒಳಗಿನಿಂದ ನಳಿಗೆಗೆ ತಾಗುವಷ್ಟು ಉದ್ದವಿಲ್ಲವೆಂದು ನೋಡಿಕೊಳ್ಳಿ.

ಸಾಮಾನ್ಯ ಸ್ಟಾಕಿನವರಿಗೆ ಇರುವುದು ಅಡಿಯ ಸ್ಟಡ್ ಒಂದೇ. ಹಿಂದಿನ ಕೊಂಡಿ ಪಕ್ಕದಲ್ಲಿದ್ದರೆ ಮುಂದಿನದು ಅಡಿಯಲ್ಲಿದ್ದರೂ ನಡೆಯುತ್ತದೆಯೇ? ಸ್ಕೋಪ್ ಹಗುರವಾಗಿದ್ದರೆ ಸಹಿಸಬಹುದಾದಷ್ಟು ಮಟ್ಟಿಗೆ ನಡೆಯುತ್ತದೆ. ಕೋವಿ ತುಸು ಹೊರಳುತ್ತದೆ, ಪೂರ್ತಿ ಮಗುಚುವುದಿಲ್ಲ. ಸ್ಕೋಪ್ ದೊಡ್ಡದಾಗಿದ್ದರೆ ಆ ಸ್ಟಡ್ಡಿಗೆ ಸಿಕ್ಕಿಸಿದ ಗಟ್ಟಿಯಾದ ಗಿಡ್ಡ ಪಟ್ಟಿಯನ್ನು ಎಡಪಕ್ಕಕ್ಕೆ ಮಡಿಸಿ ತಂದು, ಅದರ ತುದಿಯ ಬಳೆಗೆ ಸ್ಲಿಂಗನ್ನು ಜೋಡಿಸಿ ನೋಡಿ. ಅದೂ ಸಾಲದಿದ್ದರೆ ಎಡಪಕ್ಕದಲ್ಲಿ ಹೊಸ ಸ್ಟಡ್ ಹಾಕಿಸಬೇಕು. ಮುಂಭಾಗದಲ್ಲಿ ಮರ ತೆಳ್ಳಗಿರುವುದರಿಂದ ಬರಿಯ ಮರತಿರುಪು ಸಾಲದು. ಹೊರಗಿನಿಂದ ತೂರಿದ ತಿರುಪಿಗೆ ಒಳಗಿನಿಂದ ನಟ್ಟು ಹಾಕಿ ಬಿಗಿಯುವ ಬಗೆಯೇ ಬೇಕು, ಆ ನಟ್ಟು ನಳಿಗೆ ಕೂರುವ ಕಾಲುವೆಯಲ್ಲಿ ಮೇಲೆದ್ದು ನಿಲ್ಲಬಾರದು.

ಜೋಡಣೆ ಮುಗಿದ ಮೇಲೆ ಕಾಗದದ ಪರೀಕ್ಷೆ ಮಾಡಿ. ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ನಳಿಗೆಯ ಅಡಿಯಿಂದ ತೊಟ್ಟಿಲಿನಂತೆ ಹಾಯಿಸಿ, ಎರಡೂ ತುದಿ ಹಿಡಿದು ಸ್ಟಾಕಿನ ಮೂತಿಯಿಂದ ಹಿಂದಕ್ಕೆ ಎಳೆಯುತ್ತ ಹೋಗಿ. ತಡೆಯಿಲ್ಲದೆ ನಳಿಗೆಯ ಬುಡದವರೆಗೂ ಜಾರಿದರೆ ನಳಿಗೆ ತೇಲುತ್ತಿದೆ ಎಂದರ್ಥ. ಈಗ ಬೇರೊಬ್ಬರಿಗೆ ಸ್ಲಿಂಗನ್ನು, ಕೋವಿ ತೊಟ್ಟಾಗ ಬೀಳುವಷ್ಟು ಬಲದಿಂದ, ಎಳೆದು ಹಿಡಿಯಲು ಹೇಳಿ ಮತ್ತೆ ಕಾಗದ ಎಳೆಯಿರಿ. ಮೆದುವಾದ ಪ್ಲಾಸ್ಟಿಕ್ ಸ್ಟಾಕುಗಳಲ್ಲಿ ಈ ಎರಡನೆಯ ಸಲ ಕಾಗದ ಸಿಕ್ಕಿಹಾಕಿಕೊಳ್ಳುವುದುಂಟು: ಪಟ್ಟಿಯ ಎಳೆತಕ್ಕೆ ಸ್ಟಾಕಿನ ಮುಂಭಾಗ ಬಾಗಿ ನಳಿಗೆಗೆ ತಾಗಿರುತ್ತದೆ. ಒಯ್ಯುವುದಕ್ಕೆ ಇದರಿಂದ ಅಡ್ಡಿಯಿಲ್ಲ, ಆದರೆ ಅಂಥ ಕೋವಿಯಲ್ಲಿ ಪಟ್ಟಿಯನ್ನು ಬಿಗಿದುಕೊಂಡು ಗುಂಡು ಹಾರಿಸಬಾರದು, ಹಾರಿಸುವ ಮುನ್ನ ಪಟ್ಟಿಯನ್ನು ಸಡಿಲಿಸಲೇಬೇಕು.

ಹಂತ 6: ಪಟ್ಟಿಯನ್ನು ಪೋಣಿಸಿ

ಪಟ್ಟಿಯ ತುದಿಯನ್ನು ಹಿಡಿಯುವುದು ಮೂರು ಕಡ್ಡಿಗಳ ಚೌಕಾಕಾರದ ಬಕಲ್. ಕೋವಿ ನೆಲಕ್ಕೆ ಬೀಳುವ ಪ್ರಸಂಗಗಳಲ್ಲಿ ಕೊಂಡಿ ಮುರಿದದ್ದಕ್ಕಿಂತ ಈ ಬಕಲಿನಿಂದ ಪಟ್ಟಿ ಜಾರಿದ್ದೇ ಹೆಚ್ಚಿನ ಸಲ ಕಾರಣವೆಂದು ನನ್ನ ಅನುಭವ. ಪೋಣಿಸುವ ಕ್ರಮ ಹೀಗಿದೆ. ಪಟ್ಟಿಯ ತುದಿಯನ್ನು ಬಕಲಿನ ಕೆಳಗಿನಿಂದ ಮೊದಲ ಕಂಡಿಯಲ್ಲಿ ಮೇಲಕ್ಕೆ ತನ್ನಿ, ನಡುಗಡ್ಡಿಯನ್ನು ದಾಟಿಸಿ ಎರಡನೆಯ ಕಂಡಿಯಲ್ಲಿ ಕೆಳಕ್ಕೆ ಇಳಿಸಿ. ಅಲ್ಲಿಂದ ಕೊಂಡಿಯ ಬಳೆಯೊಳಗೆ ಹಾಯಿಸಿ ಹಿಂದಕ್ಕೆ ಮಡಿಸಿ. ಈಗ ಮಡಿಸಿದ ತುದಿಯನ್ನು, ಆಗಲೇ ಇರುವ ಪಟ್ಟಿಯ ಪದರದ ಜೊತೆಗೇ ಅದೇ ಕಂಡಿಗಳಲ್ಲಿ ಮತ್ತೊಮ್ಮೆ ಮೇಲೆ ತಂದು ಕೆಳಗಿಳಿಸಿ. ಕೊನೆಯಲ್ಲಿ ನಡುಗಡ್ಡಿಯ ಮೇಲೆ ಪಟ್ಟಿಯ ಎರಡು ಪದರಗಳು ಒಂದರ ಮೇಲೊಂದು ಕೂತಿರಬೇಕು. ಒಂದೇ ಪದರವಿದ್ದರೆ ಪೋಣಿಸಿದ್ದು ತಪ್ಪಾಗಿದೆ. ಬಕಲಿನಿಂದಾಚೆ ನಾಲ್ಕು ಬೆರಳಗಲದಷ್ಟು ತುದಿ ಉಳಿದಿರಲಿ. ಪಟ್ಟಿಯನ್ನು ಕತ್ತರಿಸಿದ್ದರೆ ಎಳೆ ಬಿಚ್ಚಿಕೊಳ್ಳದಂತೆ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ. ಚರ್ಮಕ್ಕೆ ಈ ಮಾತು ಅನ್ವಯಿಸದು.

ಉದ್ದ ಬದಲಿಸಲು ಸರಿಸುವ ಬಕಲ್ ಮುಂದಿನ ಕೊಂಡಿಯ ಕಡೆಗಿರಲಿ, ಎಡಗೈಗೆ ಸುಲಭವಾಗಿ ಸಿಗುತ್ತದೆ.

ಹಂತ 7: ಉದ್ದವನ್ನು ಹೊಂದಿಸಿ

ಎಡಗೈ ಮತ್ತು ತಲೆಯನ್ನು ಪಟ್ಟಿಯೊಳಗೆ ತೂರಿಸಿ. ಪಟ್ಟಿ ಸ್ಟಾಕಿನ ಹಿಂಭಾಗದಿಂದ ಹೊರಟು ಬಲಹೆಗಲನ್ನು ಏರಿ, ಬೆನ್ನಿನ ಮೇಲೆ ಓರೆಯಾಗಿ ಹಾದು, ಎಡಕಂಕುಳಿನ ಕೆಳಗಿನಿಂದ ಮುಂದಿನ ಕೊಂಡಿಗೆ ಬರಬೇಕು. ಬರಿಯ ಕೊರಳಿಗೆ ಹಾರದಂತೆ ಹಾಕಿಕೊಂಡರೆ ಭಾರವೆಲ್ಲ ಕತ್ತಿನ ಹಿಂಭಾಗದ ಮೇಲೆ ಬೀಳುತ್ತದೆ, ಹೆಚ್ಚು ಹೊತ್ತು ತಡೆದುಕೊಳ್ಳಲಾಗುವುದಿಲ್ಲ.

ನಿಮಗೆ ಬೇಕಿರುವುದು ಎರಡು ಉದ್ದಗಳು. ತೂಗಿಸುವಾಗಿನ ಉದ್ದದಲ್ಲಿ ಕೋವಿ ಎದೆಗೆ ಒತ್ತಿಕೊಂಡು ಅಲುಗಾಡದೆ ನಿಲ್ಲಬೇಕು, ಬಾಯಿ ಮಂಡಿಗಿಂತ ಮೇಲಿರಬೇಕು. ಗುರಿ ಹಿಡಿಯುವಾಗಿನ ಉದ್ದದಲ್ಲಿ ಕೋವಿಯನ್ನು ಪೂರ್ತಿಯಾಗಿ ಹೆಗಲಿಗೇರಿಸಿ ಮುಂದಕ್ಕೆ ಚಾಚಿದಾಗ ಪಟ್ಟಿ ಎಲ್ಲಿಯೂ ಜಗ್ಗಬಾರದು. ಉದ್ದ ಬದಲಿಸುವ ಬಕಲನ್ನು ಒಂದೇ ಎಳೆತದಲ್ಲಿ ಈ ಎರಡರ ನಡುವೆ ಸರಿಸುವಂತಿದ್ದರೆ ಸರಿಯಾಯಿತು. ಎರಡೂ ಸ್ಥಾನಗಳಲ್ಲಿ ಪಟ್ಟಿಯ ಮೇಲೆ ಬಣ್ಣದ ದಾರದಿಂದ ಒಂದೊಂದು ಹೊಲಿಗೆ ಹಾಕಿಟ್ಟುಕೊಂಡರೆ ಕತ್ತಲಲ್ಲಿಯೂ ಬೆರಳಿಗೆ ತಿಳಿಯುತ್ತದೆ. ತೆಳು ಅಂಗಿಯಲ್ಲಿ ಹೊಂದಿಸಿದ ಉದ್ದ ಚಳಿಗಾಲದ ದಪ್ಪ ಬಟ್ಟೆಗೆ ಸಾಲುವುದಿಲ್ಲ ಎಂಬುದು ನೆನಪಿರಲಿ.

ಹಂತ 8: ಭಾರದ ಪರೀಕ್ಷೆ

ಸ್ಕೋಪ್ ಸಮೇತ ಬೇಟೆಯ ರೈಫಲೊಂದರ ತೂಕ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಕಿಲೋ ಇರುತ್ತದೆ. ಎಡವಿದಾಗ ಕೊಂಡಿಗಳ ಮೇಲೆ ಬೀಳುವ ಜಗ್ಗು ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಬೋಲ್ಟನ್ನು ಮತ್ತೆ ತೆಗೆದಿಟ್ಟು, ಹಾಸಿಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಕೋವಿಯನ್ನು ಪಟ್ಟಿಯಿಂದಷ್ಟೇ ಹಿಡಿದು ಮೇಲಕ್ಕೂ ಕೆಳಕ್ಕೂ ಹಲವು ಸಲ ಜೋರಾಗಿ ಜಗ್ಗಿ. ಬಳಿಕ ಕೊಂಡಿಗಳನ್ನು ಒಂದೊಂದಾಗಿ ತಿರುಚಿ, ಪಕ್ಕಕ್ಕೆ ಎಳೆದು ನೋಡಿ. ಗುಂಡಿ ಒತ್ತುವ ಕೊಂಡಿಯನ್ನು ಸಿಕ್ಕಿಸಿದಾಗ ಟಕ್ಕೆಂಬ ಸದ್ದು ಕೇಳಿದ ಮಾತ್ರಕ್ಕೆ ನಂಬಬೇಡಿ. ಬಟ್ಟಲಿನೊಳಗೆ ಮರಳು ಸೇರಿದ್ದರೆ ಉಕ್ಕಿನ ಗುಂಡುಗಳು ಅರ್ಧ ಮಾತ್ರ ಹೊರಬಂದು ಬೀಗ ಬಿದ್ದಂತೆ ತೋರುತ್ತದೆ. ಸಿಕ್ಕಿಸಿದ ಪ್ರತಿ ಸಲವೂ ಒಮ್ಮೆ ಎಳೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಬಕಲಿನಿಂದಾಚೆಯ ತುದಿ ಮೊದಲಿಗಿಂತ ಗಿಡ್ಡವಾಗಿದ್ದರೆ ಪಟ್ಟಿ ಜಾರುತ್ತಿದೆ ಎಂದು ತಿಳಿದು ಆರನೆಯ ಹಂತಕ್ಕೆ ಮರಳಿ.

ಹಂತ 9: ಗುರಿಯನ್ನು ಮತ್ತೆ ತಾಳೆನೋಡಿ

ಸ್ಟಾಕನ್ನು ಬಿಚ್ಚಿ ಮತ್ತೆ ಬಿಗಿದಿದ್ದರೆ, ಅಥವಾ ಮುಂಭಾಗಕ್ಕೆ ಹೊಸ ಸ್ಟಡ್ ಹಾಕಿದ್ದರೆ, ಗುರಿ ಮೊದಲಿನಂತೆಯೇ ಉಳಿದಿದೆ ಎಂದು ಭಾವಿಸಬೇಡಿ. ಅನುಮತಿ ಇರುವ ಗುರಿಮೈದಾನದಲ್ಲಿ, ಮರಳುಚೀಲದ ಮೇಲೆ ಕೋವಿಯನ್ನಿಟ್ಟು, ಮೊದಲು ಪಟ್ಟಿ ಸಡಿಲವಾಗಿ ನೇತಾಡುವಂತೆ ಬಿಟ್ಟು ಮೂರು ಗುಂಡು ಹಾರಿಸಿ. ಆಮೇಲೆ ನೀವು ನಿಜವಾಗಿ ಹೇಗೆ ಬಳಸುತ್ತೀರೋ ಹಾಗೆ, ಪಟ್ಟಿ ಮೈಮೇಲಿರುವಂತೆಯೇ ಮೂರು ಗುಂಡು ಹಾರಿಸಿ. ಎರಡೂ ಗುಂಪುಗಳು ಒಂದೇ ಜಾಗದಲ್ಲಿ ಬಿದ್ದರೆ ಸರಿ. ಎರಡನೆಯ ಗುಂಪು ಬೇರೆ ಕಡೆ ಸರಿದಿದ್ದರೆ ಪಟ್ಟಿಯ ಎಳೆತ ನಳಿಗೆಯವರೆಗೂ ತಲುಪುತ್ತಿದೆ. ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿ.

ತೊಟ್ಟು ನಡೆಯುವಾಗ

ಎದೆಯ ಮುಂದೆ ತೂಗುವ ಕೋವಿಯ ಬಾಯಿ ಎಡಪಾದದ ಆಸುಪಾಸಿಗೆ ಮುಖಮಾಡಿರುತ್ತದೆ. ಬೆನ್ನ ಮೇಲಿನ ಕೋವಿಯಲ್ಲಿ ಇಲ್ಲದ ಅಪಾಯವಿದು. ಆದ್ದರಿಂದ ಎರಡೂ ಕೈ ಬಿಟ್ಟು ನಡೆಯುವಾಗ ಚೇಂಬರಿನಲ್ಲಿ ತೋಟಾ ಇರಲೇಬಾರದು. ಮ್ಯಾಗಜೀನಿನಲ್ಲಿ ಇರಲಿ, ಚೇಂಬರ್ ಖಾಲಿ ಇರಲಿ. ಬೋಲ್ಟನ್ನು ಒಮ್ಮೆ ಎಳೆದು ತೋಟಾ ಏರಿಸಲು ಹಿಡಿಯುವ ಸಮಯ ಅತ್ಯಲ್ಪ. ಸುರಕ್ಷಾ ಕೀಲಿಯನ್ನು ನಂಬಿ ತೋಟಾ ಏರಿಸಿಕೊಂಡು ತೂಗಿಸುವವರ ವಾದವನ್ನು ನಾನು ಒಪ್ಪುವುದಿಲ್ಲ. ಅಂಗಿಯ ದಾರ, ಮರದ ರೆಂಬೆ, ಚೀಲದ ಕೊಕ್ಕೆ ಎಲ್ಲವೂ ಈಗ ಟ್ರಿಗರಿನ ಸಮೀಪದಲ್ಲೇ ಸುಳಿದಾಡುತ್ತಿರುತ್ತವೆ.

ಬೋಲ್ಟಿನ ಹಿಡಿ ಹೊರಮುಖವಾಗಿರುವುದರಿಂದ ಪೊದೆಗೆ ಅಥವಾ ತೋಳಿಗೆ ಸಿಕ್ಕಿ ಮೇಲೆದ್ದು ತೆರೆದುಕೊಳ್ಳುವ ಸಾಧ್ಯತೆಯೂ ಇದೆ. ಕೆಲವು ರೈಫಲುಗಳಲ್ಲಿ ಸುರಕ್ಷಾ ಕೀಲಿ ಹಾಕಿದಾಗ ಬೋಲ್ಟೂ ಬೀಗವಾಗುತ್ತದೆ, ಕೆಲವುಗಳಲ್ಲಿ ಆಗುವುದಿಲ್ಲ. ನಿಮ್ಮದು ಯಾವ ಬಗೆಯೆಂದು ಖಾಲಿ ಕೋವಿಯಲ್ಲಿ ನೋಡಿ ತಿಳಿದುಕೊಳ್ಳಿ. ಬೀಗವಾಗದ ಬಗೆಯಾದರೆ ನಡೆಯುವಾಗ ಆಗಾಗ ಬಲಗೈಯಿಂದ ಹಿಡಿಯನ್ನು ಕೆಳಕ್ಕೊತ್ತಿ ಖಚಿತಪಡಿಸಿಕೊಳ್ಳಬೇಕು.

ಮಂಡಿಯೂರುವ ಮುನ್ನ ಎಡಗೈಯಿಂದ ಕೋವಿಯ ಮುಂಭಾಗವನ್ನು ಹಿಡಿದು ಬಾಯಿಯನ್ನು ಪಕ್ಕಕ್ಕೆತ್ತಿ. ಇಲ್ಲದಿದ್ದರೆ ಅದು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ನಳಿಗೆಯೊಳಗೆ ಮಣ್ಣು, ಮಂಜು, ಹುಲ್ಲು ಏನೇ ಸೇರಿದರೂ ಗುಂಡು ಹಾರಿಸಿದಾಗ ನಳಿಗೆ ಉಬ್ಬಬಹುದು ಅಥವಾ ಸಿಡಿಯಬಹುದು. ಬಾಯಿ ನೆಲಕ್ಕೆ ತಾಗಿತೆಂಬ ಸಂಶಯ ಬಂದರೂ ಕೋವಿಯನ್ನು ಪೂರ್ತಿ ಖಾಲಿ ಮಾಡಿ, ಬೋಲ್ಟು ತೆಗೆದು, ಹಿಂದಿನಿಂದ ನಳಿಗೆಯ ಮೂಲಕ ಬೆಳಕು ನೋಡಿ. ಬೇಲಿ ದಾಟುವಾಗ, ಮರ ಅಥವಾ ಏಣಿ ಹತ್ತುವಾಗ, ವಾಹನ ಏರುವಾಗ ಸ್ಲಿಂಗನ್ನು ಮೈಯಿಂದ ತೆಗೆದು ಖಾಲಿ ಕೋವಿಯನ್ನು ಬೇರೆಯಾಗಿ ದಾಟಿಸಬೇಕು.

ಪಟ್ಟಿ, ಬಕಲುಗಳನ್ನು ಪ್ರತಿ ಸಲ ಹೊರಡುವ ಮುನ್ನ ಕಣ್ಣಾಡಿಸಿ ನೋಡಿ. ಸ್ಟಡ್ಡಿನ ಸುತ್ತ ಮರದಲ್ಲಿ ಕೂದಲೆಳೆಯ ಬಿರುಕು ಕಂಡರೆ, ಬಕಲ್ ಉಜ್ಜುವ ಜಾಗದಲ್ಲಿ ಪಟ್ಟಿಯ ಅಂಚು ಜೂಲಾಗಿದ್ದರೆ, ಅಥವಾ ಗುಂಡಿ ಒತ್ತುವ ಕೊಂಡಿಯ ಸ್ಪ್ರಿಂಗ್ ಸಡಿಲಗೊಂಡಿದ್ದರೆ ಆ ಭಾಗವನ್ನು ಬದಲಾಯಿಸುವವರೆಗೆ ಕೋವಿಯನ್ನು ಕೈಯಲ್ಲಿಯೇ ಒಯ್ಯಿರಿ. ಮಳೆಯಲ್ಲಿ ನೆನೆದ ಪಟ್ಟಿಯನ್ನು ಕೋವಿಯಿಂದ ಕಳಚಿ ನೆರಳಿನಲ್ಲಿ ಒಣಗಿಸಿ, ಬಟ್ಟಲುಗಳನ್ನು ಬಟ್ಟೆಯ ತುದಿಯಿಂದ ಒರೆಸಿ ಒಂದು ಹನಿ ಎಣ್ಣೆ ಬಿಡಿ. ಪಟ್ಟಿ ಒಣಗಿದ ಮೇಲೆ ಉದ್ದವನ್ನು ಮತ್ತೊಮ್ಮೆ ಸರಿನೋಡಿಕೊಳ್ಳಬೇಕಾಗುತ್ತದೆ.